ವಗ್ದಿ ಮೇಷ್ಟ್ರಿಗೆ ಬೇಕಾದ ಬೆಚ್ಚನೆಯ ದನಿ
ಕೈರೋದ ಗಿರ್ಗಿಸನ ಅಂಗಡಿಗೆ ಹೊಸ ಆಂಪ್ಲಿಫೈಯರ್ ಬಂತೆಂದರೆ ಸಾಕು, ವಗ್ದಿ ಮೇಷ್ಟ್ರು ಅದೇ ಹಳೇ ಸಂಗೀತ ಕಚೇರಿಯ ಕ್ಯಾಸೆಟ್ ಹಿಡಿದು ಹಾಜರು. ಮನೆಯಲ್ಲಿದ್ದ ಹಳೇ ಕಾಲದ ವಾಲ್ವ್ ಆಂಪ್ಲಿಫೈಯರ್ ಪೆಟ್ಟಿಗೆ ಸುಟ್ಟುಹೋಗಿದೆ. ಇನ್ನು ಈಗಿನ ಟ್ರಾನ್ಸಿಸ್ಟರ್ ಪೆಟ್ಟಿಗೆಗಳೇ ಗತಿ, ಆದರೆ ದನಿ ಮಾತ್ರ ವಾಲ್ವಿನಷ್ಟೇ ಬೆಚ್ಚಗಿರಬೇಕು. "ಇದು ಇಸ್ತ್ರಿ ಹೊಡೆದ ದನಿ, ತೆಗಿಯೋ!" "ಇದಕ್ಕೆ ನೆಗಡಿ!" ಎಂದು ಒಂದೊಂದನ್ನೂ ತಳ್ಳಿಹಾಕುವರು. "ಹಾಡು ಚೆನ್ನಾಗೇ ಕೇಳ್ತಿದೆಯಲ್ಲ ಮೇಷ್ಟ್ರೇ?" ಎಂದು ಗಿರ್ಗಿಸ್ ಗೋಗರೆದರೆ, "ಹಾಡು ಯಾರಿಗೆ ಬೇಕೋ!" ಎಂದು ರೇಗುವರು. ಅವರ ಕಿವಿಯೆಲ್ಲ ಕ್ಯಾಸೆಟ್ಟಿನಲ್ಲಿ ಕೂಗಾಡುವ ಸಭಿಕರ ಮೇಲೆ. ಹಾಡಿನ ಸಾಲೊಂದು ಮುಗಿದೊಡನೆ ಆ ಗದ್ದಲ ಸೀಳಿಕೊಂಡು ಹೆಂಗಸೊಬ್ಬಳು "ಇನ್ನೊಂದ್ಸಲ!" ಎಂದು ಕೂಗುತ್ತಾಳೆ. ಅವಳು ಅವರ ಹೆಂಡತಿ ನಗ್ವಾ. ತೀರಿಕೊಂಡವಳ ದನಿ ಉಳಿದಿರುವುದು ಅಷ್ಟೇ. ಇವತ್ತಿನ ಪೆಟ್ಟಿಗೆಯಲ್ಲಿ ಆ ಕೂಗು ಬಂದದ್ದೇ ತಡ, ಮೇಷ್ಟ್ರು ಚಹಾ ಚೆಲ್ಲಿಕೊಂಡು ಎದ್ದು ನಿಂತರು. "ಇದೇ! ಇದೇ ಕಣೋ!" ಗಿರ್ಗಿಸ್ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿದ. ಇನ್ನೊಂದು ಸಲ ಎಂದು ಕೇಳಿದ್ದು ಅಮ್ಮಾವ್ರಲ್ಲವೇ!