ಅತ್ತಿಗೆ ನೋಡುತ್ತಿದ್ದ ಸಾಲು

ನನ್ನ ಅತ್ತಿಗೆಯ ಬಲಗಾಲಿನ ಚಪ್ಪಲಿ ಸವೆದು ಹಾಳೆಯಂತಾದಾಗಲೂ ಎಡಗಾಲಿನದು ಅಂಗಡಿಯಿಂದ ತಂದ ಹಾಗೇ ಇರುತ್ತಿತ್ತು. ಮಗುವಾಗಿದ್ದಾಗಲೇ ಪೋಲಿಯೊ ಬಂದು ಆ ಕಾಲು ಸೊರಗಿತ್ತು. ನಡೆಯುವಾಗ ತೊಡೆಗೆ ಕೈ ಒತ್ತಿ ಅದನ್ನು ಮುಂದಕ್ಕೆ ತರುತ್ತಿದ್ದರು. ಯಾರಾದರೂ ಅಯ್ಯೋ ಪಾಪ ಎಂಬಂತೆ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಅವರಿಗೆ ನಗು ಬರುತ್ತಿತ್ತು.

ಸೈಕಲ್ ಹತ್ತಿದರೆ ಮಾತ್ರ ಅತ್ತಿಗೆಯನ್ನು ಹಿಡಿಯುವವರಿಲ್ಲ. ತೋಟದ ಮನೆಯಿಂದ ದಬ್ಬೇಘಟ್ಟದಲ್ಲಿದ್ದ ತಮ್ಮ ಹೊಲಿಗೆ ಅಂಗಡಿಗೆ ದಿನಾ ಅದರಲ್ಲೇ ಹೋಗುತ್ತಿದ್ದರು. ಅದರ ಹಿಂದಿನ ಹಲ್ಲಿನ ಚಕ್ರಕ್ಕೆ, ಅಂದರೆ ಫ್ರೀವೀಲಿಗೆ, ವೆಲ್ಡಿಂಗ್ ಮಾಡಿಸಿದ್ದರಿಂದ, ಚಕ್ರ ಉರುಳುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತಿತ್ತು. ಬಲಗಾಲು ತುಳಿದರೆ ಸಾಕು, ಟ್ಯೂಬಿನ ಪಟ್ಟಿಯಲ್ಲಿ ಕಟ್ಟಿದ ಎಡಗಾಲನ್ನು ಪೆಡಲೇ ಎತ್ತಿ ಇಳಿಸುತ್ತಿತ್ತು.

ಒಂದು ಮಧ್ಯಾಹ್ನ ಕೆರೆ ಏರಿಯ ಇಳಿಜಾರಿನಲ್ಲಿ ಚೈನು ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು, ಅತ್ತಿಗೆ ಬಿದ್ದರು. ಮೊಣಕೈ ತರಚಿ ರಕ್ತ ಬಂದಿತ್ತು. ಅವರು ಹಂದನಕೆರೆಯ ತವರಿಗೆ ಹೋಗಿದ್ದಾಗ ನನ್ನಣ್ಣ ಆ ಫ್ರೀವೀಲು ಬಿಚ್ಚಿಸಿ, ಎಲ್ಲರ ಸೈಕಲ್ಲಿಗೆ ಇರುವಂಥ ಹೊಸದನ್ನು ಹಾಕಿಸಿ, ಸೈಕಲ್ಲು ತೊಳೆದು ಬಾಗಿಲಲ್ಲಿ ನಿಲ್ಲಿಸಿದ. ಇಳಿಜಾರಿನಲ್ಲಾದರೂ ಹೆಂಡತಿಯ ಕಾಲಿಗೆ ಒಂದಿಷ್ಟು ಬಿಡುವು ಸಿಗಲಿ ಎಂಬುದು ಅವನ ಆಸೆ.

ತವರಿಂದ ಬಂದ ಅತ್ತಿಗೆ ಹತ್ತಿದರು. ಬಲಗಾಲು ಕೆಳಗಿಳಿದು ನಿಂತಿತು, ಎಡಗಾಲು ಮೇಲೆ ಹೋಗಿ ಅಲ್ಲೇ ಉಳಿಯಿತು. ಕೈಯಲ್ಲಿ ತೊಡೆ ಒತ್ತಿದರೂ ಕೆಳಗೆ ಬರಲಿಲ್ಲ. ಇಳಿದು ಜಗಲಿಯ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ನನ್ ಕಾಲಿಗೆ ಬಿಡುವು ಬ್ಯಾಡ ಕಣ್ರೀ,” ಎಂದರು ಅಣ್ಣನಿಗೆ. “ಅದು ನಿಂತ್ರೆ ನಾನೂ ನಿಂತೋಯ್ತೀನಿ. ಚೈನು ಬಿದ್ದಿದ್ದು ಹಿಂದ್ಲು ಮುಂದ್ಲು ಹಲ್ಲಿನ್ ಚಕ್ರ ಸಾಲು ತಪ್ಪಿ. ಹಳೇದೇ ಹಾಕ್ಸಿ, ಸಾಲು ನೋಡಾನ.”

ಹಳೆಯದನ್ನೇ ಹಾಕಿಸಿಕೊಂಡು ಬಂದ ಅಣ್ಣ, ತೆಂಗಿನ ಸಸಿ ನೆಡುವಾಗ ಸಾಲಿಗೆ ಹಿಡಿಯುವ ದಾರವನ್ನು ಒಳಗಿಂದ ತಂದ. ನಾನು ಆಗಷ್ಟೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದು ಮೂಲೆ ಹಿಡಿದಿದ್ದೆ. ಅತ್ತಿಗೆ ನನ್ನನ್ನೂ ಬಿಡಲಿಲ್ಲ. “ಬಾರೇ, ಈ ತುದಿ ಹಿಡ್ಕ,” ಎಂದರು. ಮನೆಗೆ ಬಂದವರೆಲ್ಲ ನನಗೆ ಸಮಾಧಾನ ಹೇಳಿ ಹೋಗಿದ್ದರು. ಕೆಲಸ ಕೊಟ್ಟವರು ಅವರೊಬ್ಬರೇ.

ಸೈಕಲ್ಲು ಮಗುಚಿಟ್ಟು, ಮುಂದಿನ ಹಲ್ಲಿನ ಚಕ್ರದಿಂದ ಹಿಂದಿನದಕ್ಕೆ ದಾರ ಬಿಗಿದೆವು. ಅತ್ತಿಗೆ ಹಿಂದೆ ನೆಲದ ಮೇಲೆ ಕೂತು ಒಂದು ಕಣ್ಣು ಮುಚ್ಚಿ ನೋಡಿದರು. ಹಿಂದಿನದು ನಾಣ್ಯದ ದಪ್ಪದಷ್ಟು ಒಳಗಿತ್ತು. ಅದರ ಹಿಂದೆ ಒಂದು ವಾಷರ್ ಕೊಟ್ಟ ಮೇಲೆ ಚೈನು ಸದ್ದಿಲ್ಲದೆ ತಿರುಗಿತು. ಅಲ್ಲಿಂದಾಚೆ ಭಾನುವಾರ ಭಾನುವಾರ ಅದೇ ಕೆಲಸ. “ಅಲ್ಲಾಡ್ಬ್ಯಾಡ ಕಣೇ, ಕೈ ನೆಟ್ಟಗಿಟ್ಕ,” ಎಂದು ಗದರುತ್ತಿದ್ದರು. ಆ ಗದರಿಕೆಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಹಿಡಿದ ಕೆಮ್ಮು ಅತ್ತಿಗೆಯ ಎದೆಗಿಳಿಯಿತು. ತಿಪಟೂರಿನ ಆಸ್ಪತ್ರೆಯಲ್ಲಿ ಅಣ್ಣ ಅವರ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು, ಪೆಡಲು ತಿರುಗಿದಂತೆ ಮಡಿಸಿ ಚಾಚಿಸುತ್ತಿದ್ದ. “ಸಾಕು ಬುಡ್ರೀ, ನಿಮ್ ಕೈ ನೋಯ್ತದೆ,” ಎಂದರೂ ಕೇಳುತ್ತಿರಲಿಲ್ಲ. ಅವರ ಉಸಿರು ನಿಂತ ಮೇಲೂ ಅವನ ಕೈ ಆಡುತ್ತಲೇ ಇತ್ತು. ನಾನೇ ಹಿಡಿದು ನಿಲ್ಲಿಸಿದೆ.

ಈಗ ಆ ಸೈಕಲ್ಲನ್ನು ಯಾರೂ ಹತ್ತುವುದಿಲ್ಲ. ಭಾನುವಾರ ಬಂತೆಂದರೆ ಅಣ್ಣ ಅದನ್ನು ಅಂಗಳದಲ್ಲಿ ಮಗುಚಿಟ್ಟು ನನ್ನನ್ನು ಕರೆಯುತ್ತಾನೆ. ನಾನು ಮುಂದಿನ ತುದಿ ಹಿಡಿಯುತ್ತೇನೆ. ಅತ್ತಿಗೆ ಕೂರುತ್ತಿದ್ದ ಜಾಗದಲ್ಲಿ ಅವನು ಕೂರುತ್ತಾನೆ. ಹೋದ ವಾರ ದಾರ ಬಿಗಿದು ಬಹಳ ಹೊತ್ತಾಗಿತ್ತು.

“ಸರಿಗೈತಾ ಅಣ್ಣ?” ಎಂದು ಬಗ್ಗಿ ನೋಡಿದೆ.

ಸಾಲು ನೋಡುವವರು ಒಂದು ಕಣ್ಣು ಮುಚ್ಚುತ್ತಾರೆ. ಅಣ್ಣ ಎರಡನ್ನೂ ಮುಚ್ಚಿಕೊಂಡಿದ್ದ.