ನಿಂಬೆಹಣ್ಣಿನ ಮೇಲೆ ಇಳಿಸಿದವಳು

ಈ ಸಲ ಆಯುಧಪೂಜೆಯ ದಿನ ನನ್ನ ಸ್ಕೂಟರಿನ ಚಕ್ರದಡಿ ಇಟ್ಟ ನಿಂಬೆಹಣ್ಣು ಸರಿಯಾಗಿ ಒಡೆಯಲಿಲ್ಲ. ಒಂದು ಕಡೆ ಜಜ್ಜಿಕೊಂಡು, ಪಕ್ಕಕ್ಕೆ ಜಾರಿ, ನಮ್ಮ ರಾಮಕೃಷ್ಣನಗರದ ಮನೆಯ ಗೇಟಿನ ಹತ್ತಿರ ಹೋಗಿ ನಿಂತಿತು. ಎತ್ತಿಕೊಳ್ಳೋಣವೆಂದು ಬಗ್ಗಿದೆ. ನಿಂಬೆಯ ವಾಸನೆ, ಅದರ ಜೊತೆಗೆ ಆಗಷ್ಟೇ ಹಾಕಿಸಿಕೊಂಡು ಬಂದಿದ್ದ ಪೆಟ್ರೋಲಿನ ವಾಸನೆ... ಅಷ್ಟೇ ಸಾಕಾಯಿತು. ಎದುರುಮನೆಯವಳು ನೆನಪಾದಳು. ಹಬ್ಬದ ದಿನವೂ ನನ್ನನ್ನು ನೆಮ್ಮದಿಯಾಗಿರಲು ಬಿಡುವವಳಲ್ಲ ಅವಳು.

ನಾವು ದಟ್ಟಗಳ್ಳಿಯಲ್ಲಿದ್ದಾಗ ಎದುರಿನ ಮನೆಯಲ್ಲಿದ್ದ ಹುಡುಗಿ. ನನ್ನದೇ ವಯಸ್ಸು. ಅವರಪ್ಪ ಹಳ್ಳಿಯಿಂದ ಬಂದು ಕಡಕೊಳದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ನಮ್ಮದು ಅರಮನೆಯ ಕಾಲದಿಂದಲೂ ಓದುಬರಹದ ಮನೆತನ ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದರು. ಹೆಲಿಕಾಪ್ಟರ್ ಹಾರಿಸುವ ಹುಚ್ಚು ಮಾತ್ರ ಆ ಮನೆತನದಲ್ಲಿ ನನ್ನೊಬ್ಬಳಿಗೇ ಹಿಡಿದದ್ದು. ಚಿಕ್ಕವಳಿದ್ದಾಗ ದಸರಾದಲ್ಲಿ ಹೆಲಿಕಾಪ್ಟರಿನಿಂದ ಹೂ ಸುರಿಸಿದ್ದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ. ಎಲ್ಲರೂ ಹೂವಿಗೆ ಕೈಚಾಚಿದರೆ ನಾನು ಬಾಯಿ ಬಿಟ್ಟುಕೊಂಡು ಮೇಲೆಯೇ ನೋಡುತ್ತಿದ್ದೆನಂತೆ.

ಪಿಯುಸಿ ಮುಗಿಯುವಾಗ, ವಿಶ್ವವಿದ್ಯಾಲಯವೊಂದರಲ್ಲಿ ವಿಮಾನಯಾನದ ಬಿ.ಎಸ್ಸಿ. ಇದೆ, ಪದವಿಯ ಜೊತೆಗೇ ಹೆಲಿಕಾಪ್ಟರ್ ತರಬೇತಿಯೂ ಸಿಗುತ್ತದೆ ಎಂದು ಪತ್ತೆಹಚ್ಚಿದವಳು ನಾನು. ಊಟ ಬಿಟ್ಟು ಕೂತು ಮನೆಯವರನ್ನು ಒಪ್ಪಿಸಿದವಳೂ ನಾನೇ. ಎದುರುಮನೆಯವಳಿಗೆ ಅಲ್ಲಿಯವರೆಗೆ ಮುಂದೇನು ಓದಬೇಕೆಂಬುದೇ ಗೊತ್ತಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಗೇಟಿಗೆ ಒರಗಿಕೊಂಡು ಕೇಳಿ, ಹಾಗಾದರೆ ತಾನೂ ಬರುತ್ತೇನೆ ಅಂದಳು. ಸಂತೆಗೆ ಬರುತ್ತೇನೆ ಅನ್ನುವ ಹಾಗೆ! ಅವಳಿಗೆ ಸ್ಕಾಲರ್‌ಷಿಪ್ಪೂ ಸಿಕ್ಕಿತು. ಜೊತೆಗೊಬ್ಬಳು ಸಿಕ್ಕಳಲ್ಲ ಎಂದು ಆಗ ನನಗೆ ಖುಷಿಯೇ ಆಗಿತ್ತು.

ಮೊದಲ ವರ್ಷ ಬರೀ ತರಗತಿಯ ಪಾಠ. ಗಾಳಿ, ಮೋಡ, ಎಂಜಿನ್ನು, ನಕಾಶೆ. ಅದರಲ್ಲೆಲ್ಲ ನಾನೇ ಮುಂದು. ಪರೀಕ್ಷೆ ಬಂತೆಂದರೆ ಅವಳು ನಮ್ಮ ಮನೆಗೆ ಬಂದು, ನನ್ನಿಂದ ಹೇಳಿಸಿಕೊಂಡು ಹೋಗಿ ಪಾಸಾಗುತ್ತಿದ್ದಳು. ಎರಡನೇ ವರ್ಷ ಕಡಕೊಳದ ಆಚೆಗಿದ್ದ ತರಬೇತಿ ಮೈದಾನಕ್ಕೆ ಹೋದೆವು ನೋಡಿ, ಅಲ್ಲಿ ಎಲ್ಲ ತಲೆಕೆಳಗಾಯಿತು.

ಹೆಲಿಕಾಪ್ಟರಿನಲ್ಲಿ ಮುಂದಕ್ಕೆ ಹೋಗುವುದು ಅಂಥ ಕಷ್ಟವಲ್ಲ. ನಿಲ್ಲಿಸುವುದು ಕಷ್ಟ. ನೆಲದಿಂದ ಸ್ವಲ್ಪ ಮೇಲೆಬ್ಬಿಸಿ, ಗಾಳಿಯಲ್ಲೇ ಅಲುಗದ ಹಾಗೆ ನಿಲ್ಲಿಸಬೇಕು. ಎರಡು ಕೈಗೆ ಎರಡು ಕೋಲು, ಕಾಲಿಗೆ ಪೆಡಲು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ನಾನು ಬಲಗೈಯ ಕೋಲನ್ನು ಬಾವಿಯ ಹಗ್ಗದ ಹಾಗೆ ಬಿಗಿಹಿಡಿಯುತ್ತಿದ್ದೆ, ಹೆಲಿಕಾಪ್ಟರು ಅತ್ತಿತ್ತ ಓಲಾಡುತ್ತಿತ್ತು. ಕಲಿಸುತ್ತಿದ್ದ ಮೇಷ್ಟ್ರು ಸೈನ್ಯದಲ್ಲಿದ್ದು ನಿವೃತ್ತರಾಗಿ ಬಂದವರು. ಪಕ್ಕದಲ್ಲಿ ಕೂತು ದಿನಾ ಒಂದೇ ಮಾತು ಹೇಳುತ್ತಿದ್ದರು.

"ಹಿಡೀಬೇಡಮ್ಮ. ಮುಟ್ಟು ಸಾಕು."

ಹಿಡಿಯದೆ ಮುಟ್ಟುವುದು ಹೇಗೆಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳಿಗೆ ಮಾತ್ರ ಅದು ಒಂದೇ ವಾರದಲ್ಲಿ ಬಂದುಬಿಟ್ಟಿತು. ಮಾನ ಬಿಟ್ಟು ಅವಳನ್ನೇ ಕೇಳಿದೆ. ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನ ತಿನ್ನುತ್ತಾ ಹೇಳಿದಳು, "ಅದು ಎಂಗಾಡುತ್ತೋ ಅಂಗೇ ಬುಟ್ಬುಡು ಕಣೇ. ನೀನು ಅದರ ಜೊತೆ ಜಗಳಕ್ಕೆ ನಿಂತ್ಕೋತೀಯ."

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಸುಳ್ಳೇಕೆ ಹೇಳಲಿ? ಕಡಲೆ ಹುಡುಕಿಕೊಂಡು ಬಂದವಳು ನಾನು, ಹಲ್ಲು ಇದ್ದದ್ದು ಅವಳಿಗೆ. ಅವಳೇನಾದರೂ ಜಂಬದವಳಾಗಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ಜಂಬವೂ ಇರಲಿಲ್ಲ ಅವಳಿಗೆ.

ಆ ವರ್ಷದ ಆಯುಧಪೂಜೆ ಬಂತು. ಮೈದಾನದ ಮೆಕ್ಯಾನಿಕ್ಕುಗಳು ಹೆಲಿಕಾಪ್ಟರನ್ನು ತೊಳೆದು ಒರೆಸಿ ನಿಲ್ಲಿಸಿದ್ದರು. ಹಾರ ಹಾಕಕೂಡದು, ಹೂವು ಹಾರಿ ಎಲ್ಲಾದರೂ ಸಿಕ್ಕಿಕೊಂಡರೆ ಅಪಾಯ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ಮೂತಿಗೆ ಕುಂಕುಮ ಇಟ್ಟದ್ದಾಯಿತು, ಬೂದುಗುಂಬಳವನ್ನು ಗೇಟಿನಾಚೆ ಒಡೆದದ್ದಾಯಿತು. ಚಕ್ರಕ್ಕೆ ನಿಂಬೆಹಣ್ಣು ಇಡೋಣವೆಂದು ಹಿರಿಯ ಮೆಕ್ಯಾನಿಕ್ಕು ಬಗ್ಗಿದರು. ಚಕ್ರವೆಲ್ಲಿದೆ? ನಮ್ಮ ಹೆಲಿಕಾಪ್ಟರಿಗೆ ಇದ್ದದ್ದು ಎರಡು ಉದ್ದನೆಯ ಕೊಳವೆಯಂಥ ಕಾಲು. ದಿನಾ ಅದನ್ನೇ ಒರೆಸುವವರು, ಆದರೂ ಹಣ್ಣು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಕಾರಾಗಿದ್ದರೆ ಮುಂದಕ್ಕೆ ಬಿಟ್ಟು ಹಣ್ಣು ಒಡೆಯಬಹುದು, ಇದನ್ನು ಏನು ಮಾಡುವುದು? ಹಣ್ಣು ಒಡೆಯದೆ ಹಾರಿಸುವುದಕ್ಕೆ ತಾವು ಬಿಡುವುದಿಲ್ಲ ಎಂದು ಹಟ ಹಿಡಿದರು.

ಮೇಷ್ಟ್ರಿಗೆ ನಗು ಬಂತು. ಗಾಳಿಗೆ ಹಾರಿಹೋಗದ ಹಾಗೆ ಹಣ್ಣನ್ನು ಹುಲ್ಲುನೆಲದಲ್ಲಿ ಅರ್ಧ ಹೂಳಿಸಿದರು. ಹೆಲಿಕಾಪ್ಟರನ್ನು ಮೇಲೆಬ್ಬಿಸಿ, ನಿಲ್ಲಿಸಿ, ಬಲಗಾಲು ಸರಿಯಾಗಿ ಹಣ್ಣಿನ ಮೇಲೆ ಬರುವಂತೆ ಇಳಿಸಬೇಕು. ತಾನು ಪಕ್ಕದಲ್ಲಿ ಕೂತಿರುತ್ತೇನೆ, ಕೈ ಹಾಕುವುದಿಲ್ಲ. ಯಾರು ಇಳಿಸುತ್ತಾರೋ ಅವರನ್ನೇ ಮೊದಲು ಒಂಟಿಯಾಗಿ ಹಾರಲು ಕಳಿಸುತ್ತೇನೆ ಅಂದರು. ಒಂಟಿಯಾಗಿ ಹಾರುವುದು... ಅಪ್ಪನ ಹೆಗಲ ಮೇಲೆ ಕೂತ ದಿನದಿಂದ ನಾನು ಕಾಯುತ್ತಿದ್ದದ್ದು ಅದೊಂದಕ್ಕೇ.

ಮೊದಲು ನನ್ನ ಸರದಿ. ಎಬ್ಬಿಸಿದೆ, ಓಲಾಡಿದೆ, ಬೆವರಿದೆ, ಹಣ್ಣಿನಿಂದ ಮಾರುದೂರದಲ್ಲಿ ಧೊಪ್ಪನೆ ಕೂತೆ. ಆಮೇಲೆ ಅವಳು ಹತ್ತಿದಳು. ಹೆಲಿಕಾಪ್ಟರು ಮೇಲೆದ್ದು ಹಣ್ಣಿನ ನೇರಕ್ಕೆ ಬಂದು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಾಗೆ ನಿಂತಿತು. ನಾನು ಕೆಳಗೆ ನಿಂತು ದೇವರೇ, ಹಣ್ಣು ಒಡೆಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹಬ್ಬದ ದಿನ ಬೇಡಿಕೊಳ್ಳುವ ಮಾತೇ ಅದು! ರೆಕ್ಕೆ ನಿಂತ ಮೇಲೆ ಎಲ್ಲರೂ ಹೋಗಿ ಬಗ್ಗಿ ನೋಡಿದೆವು. ಹಣ್ಣು ಕಾಣಲಿಲ್ಲ. ಪೆಟ್ರೋಲಿನ ಜೊತೆಗೆ ನಿಂಬೆಯ ವಾಸನೆ ಮಾತ್ರ ಬಂತು.

ಮೊದಲ ಸಲ ಒಂಟಿಯಾಗಿ ಹಾರಿ ಬಂದವರ ತಲೆಗೆ ಬಕೆಟ್ಟು ನೀರು ಸುರಿಯುವುದು ಆ ಮೈದಾನದ ಪದ್ಧತಿ. ಅವಳು ಹಾರಿ ಬಂದ ದಿನ, "ನನ್ನ ಗೆಳತಿಯೇ ಸುರೀಬೇಕು" ಎಂದು ನನಗೆ ಹೇಳಿಕಳಿಸಿದಳು. ಸುರಿದೆ. ತೊಯ್ದು ತೊಪ್ಪೆಯಾಗಿ ನಗುತ್ತಾ ನನ್ನನ್ನು ತಬ್ಬಿಕೊಂಡಳು, ನನ್ನ ಬಟ್ಟೆಯೂ ಒದ್ದೆಯಾಯಿತು. ನಾನು ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ.

ನನಗೆ ಆ ಕೈ ಬರಲೇ ಇಲ್ಲ. ಒಂಟಿಯಾಗಿ ಕಳಿಸುವ ಧೈರ್ಯ ತಮಗಿಲ್ಲ ಎಂದು ಮೇಷ್ಟ್ರು ಅಪ್ಪನನ್ನು ಕರೆದು ಮೆಲ್ಲಗೆ ಹೇಳಿದರು. ಪದವಿ ಸಿಕ್ಕಿತು, ಪೈಲಟ್ ಲೈಸೆನ್ಸ್ ಸಿಗಲಿಲ್ಲ. ಈಗ ಅದೇ ಪದವಿಗೆ ಬರುವ ಮಕ್ಕಳಿಗೆ ಗಾಳಿ, ಮೋಡದ ಪಾಠ ಮಾಡುತ್ತೇನೆ. ಅವಳು ಬೆಟ್ಟದ ಮೇಲಿನ ದೇವಸ್ಥಾನಗಳಿಗೆ ಯಾತ್ರಿಕರನ್ನು ಕರೆದುಕೊಂಡು ಹೋದಳು, ನೆರೆ ಬಂದ ಊರುಗಳಿಗೆ ಅಕ್ಕಿಮೂಟೆ ಇಳಿಸಿದಳು. ಮೋಡದ ಮೇಲಿಂದ ಫೋಟೋ ಕಳಿಸಿ, ಇದ್ಯಾವ ಮೋಡ ಹೇಳು ನೋಡೋಣ ಅನ್ನುತ್ತಿದ್ದಳು. ಮೋಡದ ಹೆಸರು ಬರೆದು ಕಳಿಸುತ್ತಿದ್ದೆ. ಚೆನ್ನಾಗಿದ್ದೀಯಾ ಎಂದು ಒಂದು ದಿನವೂ ಕೇಳಲಿಲ್ಲ.

ನಾಲ್ಕು ವರ್ಷದ ಹಿಂದೆ ರಜಕ್ಕೆಂದು ದಟ್ಟಗಳ್ಳಿಗೆ ಬಂದವಳಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಮನೆಗೆ ವಾಪಸು ಬಂದದ್ದು... ಬೇಡ, ಅದನ್ನು ಬರೆಯಲಾರೆ.

ಅವತ್ತು ಅವರ ಮನೆಯ ಮುಂದೆ ಜನ ಸೇರಿದ್ದರು. ಪೈಲಟ್ ಹುಡುಗಿ ಹೋದಳು ಎಂದಷ್ಟೇ ಕೇಳಿ ಬಂದಿದ್ದ ಹಿರಿಯರೊಬ್ಬರು ನನ್ನ ಪಕ್ಕದಲ್ಲಿ ನಿಂತು, "ಎಲಿಕಾಪ್ಟ್ರು ಬಿದ್ದೋಯ್ತಂತಾ?" ಎಂದು ಮೆಲ್ಲಗೆ ಕೇಳಿದರು. ಎಲ್ಲಿಂದ ಬಂತೋ ನನಗೆ ಅಷ್ಟು ಸಿಟ್ಟು.

"ಜ್ವರ ಬಂದು ಹೋದ್ಳು ಕಣ್ರೀ. ಅವಳ ಕೈಲಿ ಹೆಲಿಕಾಪ್ಟರ್ ಬೀಳುತ್ತಾ? ನಿಂಬೆಹಣ್ಣಿನ ಮೇಲೆ ಇಳಿಸಿದವಳು ಅವಳು!"

ಅವರಿಗೇನು ಅರ್ಥವಾಯಿತೋ. ಬೀದಿಯೆಲ್ಲ ನನ್ನ ಕಡೆ ತಿರುಗಿ ನೋಡಿತು. ಅವಳನ್ನು ನಾನು ಹೊಗಳಿದ್ದು ಅದೇ ಮೊದಲು, ಅದೂ ಅವಳಿಗೆ ಕೇಳಿಸಲಿಲ್ಲ.

ಗೇಟಿನ ಹತ್ತಿರ ಬಿದ್ದಿದ್ದ ನಿಂಬೆಹಣ್ಣನ್ನು ಎತ್ತಿ ತಂದು ಮತ್ತೆ ಚಕ್ರದಡಿ ಇಟ್ಟೆ. ಹ್ಯಾಂಡಲನ್ನು ಬಿಗಿಹಿಡಿಯದೆ ಸ್ಕೂಟರನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟು ನೋಡಿದೆ. ಹಣ್ಣು ಮತ್ತೆ ಪಕ್ಕಕ್ಕೆ ಜಾರಿತು. ಅವಳಾಗಿದ್ದರೆ ಒಂದೇ ಸಲಕ್ಕೆ ಒಡೆಯುತ್ತಿದ್ದಳು ಅನ್ನಿಸಿತು. ಹೊಟ್ಟೆಕಿಚ್ಚು ಹಾಗೇ ಇದೆ. ಅವಳಿಲ್ಲ.