ಪುಟ್ಟಮಾದಮ್ಮನ ಗೋಡೆ

ಪುಟ್ಟಮಾದಮ್ಮ ಬಾಗಿಲು ತಟ್ಟುತ್ತಿರಲಿಲ್ಲ. ನೇರ ಒಳಗೆ ಬಂದು, ನಮ್ಮ ಮುಖವನ್ನೂ ನೋಡದೆ, ಜ್ವರ ಬಂದವರ ಹಣೆ ಮುಟ್ಟುವ ಹಾಗೆ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದರು. ಆಮೇಲೆ ಬೈಗುಳ ಶುರು. ತಾಳವಾಡಿಯಲ್ಲಿ ಅವರ ಮನೆಯ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದೆವು: ನಾನು, ಗಂಡ ಮಾದೇಶ, ಎಳೆಯ ಮಗಳು.

ಆ ಸಲದ ಮಳೆ ಬಿಡುವನ್ನೇ ಕೊಡಲಿಲ್ಲ. ಮಾದೇಶ ಒಳಗೋಡೆಗೆ ಮೊಳೆ ಹೊಡೆದು ಹಗ್ಗ ಕಟ್ಟಿದ. ಮಾರನೆಯ ದಿನವೇ ಪುಟ್ಟಮಾದಮ್ಮ ಬಂದು ಹಗ್ಗ ಕಿತ್ತರು. ಮಗುವಿನ ಒದ್ದೆ ಬಟ್ಟೆಯೆಲ್ಲ ನೆಲಕ್ಕೆ ಬಿತ್ತು.

“ವಾಡಗ ಕೊಟ್ಬುಟ್ರ ಗೋಡನೂ ನಿಮ್ದಾ?”

“ಮಗೀನ ಬಟ್ಟ ಎಲ್ಲಿ ಒಣಗಾಕ್ಲಿ, ನಿಮ್ ತಲ ಮ್ಯಾಲಾ?” ಎಂದೆ ನಾನೂ.

“ಜಗುಲಿಲಿ ನೀರು ಸೋರ್ಸು. ಆಮೇಲ ನಡುಮನಲಿ ಆಕು, ಎರಡು ಕಿಟಕಿನೂ ತಗುದು. ಬಟ್ಟ ಬಟ್ಟಗ ನಡುವ ಗಾಳಿ ಆಡ್ಬೇಕು. ಬಟ್ಟ ಒಳಗಿರ ನೀರು ಎಲ್ಗ ಓಯ್ತದ? ಗೋಡಗ ಓಯ್ತದ. ಗೋಡಯಿಂದ ಮಗೀನ ಎದಗ ಓಯ್ತದ.”

ಮಾತು ಸರಿಯೇ ಇರಬಹುದು, ಆಡಿದ ರೀತಿಗೆ ಮೈ ಉರಿಯಿತು. ಚಳಿಗಾಳಿಗೆ ಹಸುಗೂಸನ್ನು ಒಡ್ಡುವುದು ಹೇಗೆ? ಹಗ್ಗ ಮತ್ತೆ ಕಟ್ಟಿದೆವು, ಕಿಟಕಿ ಮುಚ್ಚಿಯೇ ಇತ್ತು. ಗೋಡೆಯ ಮೂಲೆ ಕಪ್ಪಿಟ್ಟಿತು, ಮಗಳಿಗೆ ಕೆಮ್ಮು ಹತ್ತಿತು. ಬೀದಿ ನಲ್ಲಿಯ ಹತ್ತಿರ, ನಾಲ್ಕು ಹೆಂಗಸರ ಮುಂದೆ ನನ್ನತ್ತ ಬೆರಳು ಮಾಡಿ, “ಮಗೀಗ ಕೆಮ್ಮ ಕೊಟ್ಟಿರವಳು ಇವಳೇ ಕಣ್ರವ್ವ” ಎಂದರು. ಅಂದಿನಿಂದ ಮಾತು ಬಿಟ್ಟೆ. ಗೋಡೆಯಾಚೆ ಅವರು ಮಲಗಿದ್ದಾರೆ ಎಂದು ಗೊತ್ತಾದರೆ ಬೇಕೆಂದೇ ಪಾತ್ರೆ ಕುಕ್ಕುತ್ತಿದ್ದೆ.

ಒಂದು ಮಧ್ಯಾಹ್ನ ಮಾದೇಶ ಕಬ್ಬಿಣದ ಬಾಣಲೆಯಲ್ಲಿ ಇದ್ದಿಲ ಕೆಂಡ ತಂದು ಬಟ್ಟೆಗಳ ಕೆಳಗಿಟ್ಟ. ಬಿಸಿ ಹೊರಗೆ ಹೋಗದಿರಲೆಂದು ಬಾಗಿಲೆಳೆದುಕೊಂಡು ಕೆಲಸಕ್ಕೆ ಹೋದ. ನಾನು ಮಗಳ ಪಕ್ಕ ಮಲಗಿದೆ. ಕೆಂಡದ ಗಾಳಿಗೆ ತಲೆ ಭಾರವಾಯಿತು. ಏಳಬೇಕು ಅನ್ನಿಸಿತು, ಕೈಕಾಲು ಆಡಲಿಲ್ಲ.

ಬಾಗಿಲು ದಡಾರನೆ ತೆರೆಯಿತು. ಪುಟ್ಟಮಾದಮ್ಮ ಮಗುವನ್ನು ಬಾಚಿ ಹೊರಗೆ ಒಯ್ದರು. ತಿರುಗಿ ಬಂದು ನನ್ನ ಜಡೆ ಹಿಡಿದು ದರದರ ಎಳೆದು ಜಗುಲಿಗೆ ಹಾಕಿದರು. ಕೆಂಡದ ಬಾಣಲೆಯನ್ನು ಮಳೆಗೆಸೆದರು. ಅಲ್ಲಿಯವರೆಗೆ ಸದ್ದಿಲ್ಲದ ಮಗಳು ಕಿರುಚಿ ಅತ್ತಳು. ಆ ಅಳು ಕೇಳಿ ಪುಟ್ಟಮಾದಮ್ಮ ಕುಸಿದು ಕೂತರು. ಸಂಜೆ ಮಾದೇಶ ಬಂದೊಡನೆ ಮಾತ್ರ ಎದ್ದು ನಿಂತು, “ಮನ ಖಾಲಿ ಮಾಡಿ. ನನ್ ಮನಲಿ ಎಣ ಬೀಳದು ಬ್ಯಾಡ” ಎಂದರು.

ದೊಡ್ಡಗಾಜನೂರಿಗೆ ಹೋದೆವು. ಹೋದ ವರ್ಷ ಪುಟ್ಟಮಾದಮ್ಮ ತೀರಿಕೊಂಡರು. ನಾನು ಅವರನ್ನು ಕೊನೆಗೆ ನೋಡಿದ್ದು ತಾಳವಾಡಿ ಬಸ್ ಸ್ಟ್ಯಾಂಡಿನಲ್ಲಿ, ಮಗಳು ಶಾಲೆಗೆ ಸೇರಿದ ಮೇಲೆ. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಅವಳ ಗಲ್ಲ ಹಿಡಿದು ಕೇಳಿದರು: “ನಿಮ್ಮವ್ವ ಚೆನ್ನಾಗಿ ನೋಡ್ಕತಳಾ?”

ಮಗಳು ಹೂಂ ಎಂದಳು.

“ಸುಳ್ಳಾಡ್ಬ್ಯಾಡ” ಎಂದು ಹಾಸನೂರು ಬಸ್ಸು ಹತ್ತಿದರು.

ನಾನು ಮೆಟ್ಟಿಲ ಹತ್ತಿರಕ್ಕೇ ಓಡಿದೆ. “ಅಮ್ಮಾ, ಅವತ್ತು ನೀವು ಬರ್ದೇ ಇದ್ದಿದ್ರ...”

“ಉಳಿಸಕ್ಕ ಬಂದೆ ಅನ್ಕಂಡ್ಯಾ?” ಎಂದರು, ತಿರುಗಿಯೂ ನೋಡದೆ. “ನಾನು ಬಂದದ್ದು ಬಯ್ಯಕ್ಕ ಕಣಮ್ಮಿ.”